ಮಾರಿ ಬಂದಾಗ ಮಗುವನ್ನು ಕಾಯುವವರು ಯಾರು?

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕೂಲಿಯ ಮಾತು, ಬೋನಸ್ಸಿನ ಮಾತು, ತೆರಿಗೆಯ ಮಾತು ಇವುಗಳನ್ನು ತಮ್ಮ ಮುಂದೆ ಎಷ್ಟೋ ಸಲ ಆಡಿದ್ದೇವೆ. ಮುಂದೆಯೂ ಆಡುವುದುಂಟು. ಈ ದಿನ ಬೇರೊಂದು ವಿಷಯವನ್ನು ಹೊತ್ತು ಬಂದಿದ್ದೇವೆ. ೨೦೨೦ರಲ್ಲಿ ಕೊರೋನಾ ಮಾರಿ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಮಕ್ಕಳನ್ನು ಕಾಯುವ ಕೆಲಸ ಏನಾಯಿತು, ಆ ಕೆಲಸ ಮಾಡುವವರ ಗತಿ ಏನಾಯಿತು ಎಂಬುದೇ ಆ ವಿಷಯ. “ನಮ್ಮ ಮಕ್ಕಳನ್ನು ಕಾಯುವುದಕ್ಕೆ ನಾವಿಲ್ಲವೇ? ಅದಕ್ಕೂ ಒಬ್ಬ ನೌಕರ ಬೇಕೇ?” ಎಂದು ತಾವು ಕೇಳಬಹುದು.

ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ಬದುಕನ್ನು ಒಂದು ಸಲ ನೋಡಿಕೊಳ್ಳೋಣ. ಗಂಡ ಮೊದಲನೆಯ ಪಾಳಿಗೆ ಗಿರಣಿಗೆ ಹೋಗುತ್ತಾನೆ, ಹೆಂಡತಿ ನಾಲ್ಕು ಮನೆಯ ಮುಸುರೆಗೋ ಕೂಲಿಗೋ ಹೋಗುತ್ತಾಳೆ. ತರಕಾರಿ ವ್ಯಾಪಾರಿ ಬೆಳಗಿನ ಜಾವ ಮಂಡಿಗೆ ಹೋದರೆ ಮನೆ ಸೇರುವುದು ರಾತ್ರಿಗೆ. ಅಷ್ಟು ಹೊತ್ತು ನಮ್ಮ ಮಕ್ಕಳು ಯಾರ ಕಣ್ಣಿನ ಕೆಳಗಿರುತ್ತಾರೆ? ಚಿಕ್ಕದಾದರೆ ಅಂಗನವಾಡಿಯ ಟೀಚರಮ್ಮನ ಕಣ್ಣಿನ ಕೆಳಗೆ, ದೊಡ್ಡದಾದರೆ ಶಾಲೆಯ ಮೇಷ್ಟರ ಕಣ್ಣಿನ ಕೆಳಗೆ. ಇನ್ನೊಂದು ಕಹಿ ಮಾತನ್ನೂ ಹೇಳಲೇಬೇಕು. ಎಲ್ಲ ಮನೆಯೂ ಮಗುವಿಗೆ ಗುಡಿಯಲ್ಲ. ಹೊಡೆತ, ಹಸಿವು, ಅದಕ್ಕಿಂತ ಹೀನವಾದ ಅನ್ಯಾಯ ಮನೆಯ ಗೋಡೆಯೊಳಗೇ ನಡೆಯುವುದುಂಟು. ಆ ಮಗುವಿಗೆ ಹೊರಗಿನ ಒಂದು ಕಣ್ಣು ಬೇಡವೇ?

ಶಾಲೆಯಲ್ಲಿ ಪಾಠ ಹೇಳಿ ಬಂದವರು ನಾವು. ಹಾಜರಿ ಪುಸ್ತಕದ ಬೆಲೆ ಏನೆಂಬುದನ್ನು ಬಲ್ಲೆವು. ಏಳನೆಯ ತರಗತಿಯ ಹುಡುಗಿ ಸೋಮವಾರ ಬರಲಿಲ್ಲ, ಮಂಗಳವಾರ ಬರಲಿಲ್ಲ, ಬುಧವಾರವೂ ಬರಲಿಲ್ಲವೆಂದರೆ ಮೇಷ್ಟರು ಪಕ್ಕದ ಮನೆಯ ಹುಡುಗಿಯನ್ನು ಕರೆದು ವಿಚಾರಿಸುತ್ತಾರೆ. ಮದುವೆಯ ಮಾತು ನಡೆದಿದೆಯೇ, ಕೂಲಿಗೆ ಹಚ್ಚಿದ್ದಾರೆಯೇ, ಕಾಯಿಲೆಯೇ ಎಂಬುದು ಆ ಮೂರು ಗೈರುಹಾಜರಿಯಿಂದಲೇ ತಿಳಿಯುತ್ತದೆ. ಬೆನ್ನ ಮೇಲಿನ ಬಾಸುಂಡೆಯನ್ನು ಮೊದಲು ನೋಡುವವರೂ ಅವರೇ. ಮಕ್ಕಳ ರಕ್ಷಣೆ ಎಂಬ ದೊಡ್ಡ ಹೆಸರಿನ ಕೆಲಸ ಶುರುವಾಗುವುದು ಇಷ್ಟು ಚಿಕ್ಕ ಜಾಗದಿಂದ.

ಅಲ್ಲಿಂದ ಮುಂದೆ ಒಂದು ಸರಪಳಿಯೇ ಇದೆ. ಯಾರಾದರೂ ೧೦೯೮ ಎಂಬ ಮಕ್ಕಳ ಸಹಾಯವಾಣಿಗೆ ತಿಳಿಸುತ್ತಾರೆ. ೧೯೯೬ರಲ್ಲಿ ಮುಂಬಯಿಯಲ್ಲಿ ಆರಂಭವಾದದ್ದು ಅದು. ಕಾರ್ಯಕರ್ತರು ಮಗುವಿನ ಬಳಿಗೆ ಓಡುತ್ತಾರೆ. ಪೋಷಣೆ, ರಕ್ಷಣೆ ಬೇಕಾದ ಮಗುವನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕೆಂದು ೨೦೧೫ರ ಬಾಲನ್ಯಾಯ ಕಾಯಿದೆ ಹೇಳುತ್ತದೆ. ಸಮಿತಿ ಮಗುವಿನ ಮಾತು ಕೇಳಿ, ಮನೆಗೆ ಕಳಿಸಬೇಕೋ ಬಾಲಮಂದಿರದಲ್ಲಿ ಇರಿಸಬೇಕೋ ತೀರ್ಮಾನಿಸುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಯ ಸ್ಥಿತಿ ವಿಚಾರಿಸಿ ವರದಿ ಬರೆಯುತ್ತಾರೆ, ಕಳಿಸಿದ ಮಗುವನ್ನು ಮತ್ತೆ ಹೋಗಿ ನೋಡಿ ಬರುತ್ತಾರೆ. ಒಟ್ಟಿನಲ್ಲಿ ಮೂರು ಕೆಲಸ: ಕಾಣುವುದು, ತಲುಪುವುದು, ಕೈಬಿಡದೆ ವಿಚಾರಿಸಿಕೊಳ್ಳುವುದು. ಈ ಮೂರನ್ನೂ ಮನುಷ್ಯರೇ ತಮ್ಮ ಕಣ್ಣು, ಕಾಲು, ಬಾಯಿಯಿಂದ ಮಾಡಬೇಕು.

ಮಾರಿ ಬಂದದ್ದೇ ಈ ಮೂರಕ್ಕೂ ಪೆಟ್ಟು ಬಿತ್ತು.

ಮೊದಲು ಕಾಣುವ ಮಾತು. ೨೦೨೦ರ ಮಾರ್ಚ್ ತಿಂಗಳಲ್ಲಿ ಮುಚ್ಚಿದ ನಮ್ಮ ರಾಜ್ಯದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಬಾಗಿಲು ತೆರೆದದ್ದು ೨೦೨೧ರ ಅಕ್ಟೋಬರ್ ೨೫ರಂದು. ಅಂಗನವಾಡಿಗಳು ತೆರೆದದ್ದು ಅದೇ ನವೆಂಬರ್ ೮ರಂದು. ಅಂದರೆ ಹತ್ತೊಂಬತ್ತು ತಿಂಗಳ ಮಾತು. ರೋಗ ಹರಡಬಾರದೆಂದು ಮುಚ್ಚಿದರು ನಿಜ. ಆದರೆ ಅಷ್ಟು ದಿನ ಹಾಜರಿ ಕರೆಯುವವರಿಲ್ಲ, ಬಾಸುಂಡೆ ನೋಡುವವರಿಲ್ಲ.

ಇದರ ಫಲವನ್ನು ಸರ್ಕಾರದ ಅಂಕಿಗಳಲ್ಲೇ ನೋಡಿ. ದೇಶದಲ್ಲಿ ಮಕ್ಕಳ ಮೇಲೆ ನಡೆದ ಅಪರಾಧಗಳೆಂದು ಪೊಲೀಸರು ದಾಖಲು ಮಾಡಿದ್ದು ೨೦೧೯ರಲ್ಲಿ ೧,೪೮,೧೮೫. ಮಾರಿಯ ವರ್ಷವಾದ ೨೦೨೦ರಲ್ಲಿ ಅದು ೧,೨೮,೫೩೧ಕ್ಕೆ ಇಳಿಯಿತು. ನೂರಕ್ಕೆ ಹದಿಮೂರರಷ್ಟು ಇಳಿತ. ಬೀಗಗಳು ಸಡಿಲವಾದ ೨೦೨೧ರಲ್ಲಿ ಮತ್ತೆ ೧,೪೯,೪೦೪ಕ್ಕೆ ಏರಿತು. ೨೦೨೦ರಲ್ಲಿ ಜನರೆಲ್ಲ ಸಾಧುಗಳಾಗಿ, ಮರುವರ್ಷ ಮತ್ತೆ ಕೆಟ್ಟರೆಂದು ನಂಬೋಣವೇ? ಬೀದಿಯಲ್ಲಿ ನಡೆಯುವ ಕೆಲವು ಅಪರಾಧಗಳು ಕಡಿಮೆಯಾಗಿದ್ದರೂ ಇರಬಹುದು. ಆದರೆ ಅಂಗಡಿಯ ಬಾಗಿಲು ಹಾಕಿದ ತಿಂಗಳಲ್ಲಿ ಖಾತೆಯ ಪುಸ್ತಕದಲ್ಲಿ ಉದ್ರಿ ಬರೆಯಲಿಲ್ಲವೆಂದರೆ ಊರಿನಲ್ಲಿ ಯಾರಿಗೂ ಹಸಿವಾಗಲಿಲ್ಲವೆಂದು ಅರ್ಥವಲ್ಲ. ಇದು ವ್ಯಾಪಾರಿ ಬಂಧುಗಳಿಗೆ ನಾವು ಹೇಳಿಕೊಡಬೇಕಾದ ಲೆಕ್ಕವಲ್ಲ.

ಬಾಲ್ಯವಿವಾಹದ ಲೆಕ್ಕ ಮಾತ್ರ ಅದೇ ವರ್ಷ ಮೇಲೇರಿತು. ಬಾಲ್ಯವಿವಾಹ ನಿಷೇಧ ಕಾಯಿದೆಯ ಕೆಳಗೆ ದೇಶದಲ್ಲಿ ೨೦೧೯ರಲ್ಲಿ ದಾಖಲಾದದ್ದು ೫೨೩ ಪ್ರಕರಣ, ೨೦೨೦ರಲ್ಲಿ ೭೮೫. ಅದರಲ್ಲಿ ೧೮೪ ನಮ್ಮ ಕರ್ನಾಟಕದ್ದೇ, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಇದು ನಾಚಿಕೆಯ ಸಂಗತಿ. ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ದಾಖಲಾದ ಪ್ರಕರಣವೆಂದರೆ ಯಾರೋ ಒಬ್ಬರು ನೋಡಿದರು, ಬಾಯಿ ಬಿಟ್ಟರು ಎಂದು ಅರ್ಥ. ಕೂಲಿ ನಿಂತಿತ್ತು, ಶಾಲೆ ಇರಲಿಲ್ಲ. ಐವತ್ತು ಜನರಿಗಿಂತ ಹೆಚ್ಚು ಸೇರಬಾರದೆಂಬ ನಿಯಮದಿಂದ ಮದುವೆಯ ಖರ್ಚೂ ಇಳಿದಿತ್ತು. ಛತ್ರವಿಲ್ಲ, ವಾಲಗವಿಲ್ಲ, ಮನೆಯ ಪಡಸಾಲೆಯಲ್ಲೇ ತಾಳಿ ಬೀಳುತ್ತಿತ್ತು. ಅಂಥ ಮದುವೆಯ ಸುಳಿವು ಸಿಗುವುದು ಅಕ್ಕಿ ಬೇಳೆ ಕೊಡಲು ಬಾಗಿಲಿಗೆ ಹೋದ ಅಂಗನವಾಡಿ ಕಾರ್ಯಕರ್ತೆಗೆ ಅಥವಾ ಜ್ವರ ವಿಚಾರಿಸಲು ಹೋದ ಆಶಾ ಕಾರ್ಯಕರ್ತೆಗೆ. ಆಕೆ ದೂರದ ಅಧಿಕಾರಿಯಲ್ಲ, ಅದೇ ಊರಿನ ಮಗಳು ಇಲ್ಲವೇ ಸೊಸೆ. ತಿಳಿಸಿದರೆ ನಾಳೆ ಅದೇ ಬಾವಿಕಟ್ಟೆಯಲ್ಲಿ ಅದೇ ಜನರ ಮುಖ ನೋಡಬೇಕು, “ನಮ್ಮ ಮನೆಯ ಮದುವೆ ಕೆಡಿಸಿದವಳು” ಎಂಬ ಮಾತು ಕೇಳಬೇಕು. ತಿಳಿಸದಿದ್ದರೆ ಒಂದು ಹುಡುಗಿಯ ಬಾಳು ಹೋಯಿತು. ಈ ಇಕ್ಕಟ್ಟಿಗೆ ಸಂಬಳದ ಪಟ್ಟಿಯಲ್ಲಿ ಯಾವ ಭತ್ಯವೂ ಇಲ್ಲ.

ಇನ್ನು ತಲುಪುವ ಮಾತು. ಲಾಕ್‌ಡೌನ್ ಆರಂಭದ ಮೂರು ವಾರಗಳಲ್ಲಿ, ೨೦೨೦ರ ಮಾರ್ಚ್ ೨೦ರಿಂದ ಏಪ್ರಿಲ್ ೧೦ರೊಳಗೆ, ೧೦೯೮ಕ್ಕೆ ದೇಶದಾದ್ಯಂತ ನಾಲ್ಕು ಲಕ್ಷಕ್ಕೂ ಮೀರಿ ಕರೆಗಳು ಬಂದವು. ಊಟ ಕೇಳಿದವರುಂಟು, ಔಷಧಿ ಕೇಳಿದವರುಂಟು, ಹೊಡೆತದಿಂದ ಬಿಡಿಸಿ ಎಂದವರುಂಟು. ಕರೆ ಬಂತು, ಸರಿ. ಹೋಗುವುದು ಹೇಗೆ? ಬಸ್ಸಿಲ್ಲ. ದಾರಿಯುದ್ದಕ್ಕೂ ಪೊಲೀಸರ ತಡೆ. ಮಗುವನ್ನು ಹೊರಗೆ ತಂದರೂ ರೋಗದ ಪರೀಕ್ಷೆಯಾಗದೆ, ಬೇರೆ ಇರಿಸಿ ನೋಡದೆ ಬಾಲಮಂದಿರದೊಳಗೆ ಬಿಡುವಂತಿಲ್ಲ. ಒಳಗಿರುವ ಮಕ್ಕಳ ಪ್ರಾಣವನ್ನೂ ನೋಡಬೇಕಲ್ಲ! ಹಾಗಾದರೆ ಆ ರಾತ್ರಿ ಹೊಸ ಮಗುವನ್ನು ಎಲ್ಲಿ ಮಲಗಿಸುವುದು? ಕಚೇರಿಯಲ್ಲಿ ಕುಳಿತು ಸುತ್ತೋಲೆ ಬರೆದವರಿಗೆ ಈ ಪ್ರಶ್ನೆ ಬರಲಿಲ್ಲ, ಮಗುವಿನ ಕೈ ಹಿಡಿದು ನಿಂತವರಿಗೆ ಬಂತು.

ವಿಚಾರಣೆ ದೂರವಾಣಿಗೂ ವಿಡಿಯೋಗೂ ಬಂತು. ತಾವೇ ಯೋಚಿಸಿ. ಹೊಡೆಯುವವನ ಮನೆಯಲ್ಲೇ, ಅವನದೇ ಮೊಬೈಲಿನಲ್ಲಿ, ಅವನು ಪಕ್ಕದಲ್ಲಿ ನಿಂತಿರುವಾಗ ಮಗು ಏನು ಹೇಳೀತು? “ಚೆನ್ನಾಗಿದ್ದೇನೆ” ಎನ್ನುತ್ತದೆ. ಪಳಗಿದ ಕಾರ್ಯಕರ್ತೆ ಮಗುವಿನ ಮಾತನ್ನಷ್ಟೇ ಕೇಳುವುದಿಲ್ಲ. ಅದು ಕುಳಿತ ರೀತಿ, ಯಾರ ಕಡೆ ನೋಡಿ ಉತ್ತರ ಕೊಡುತ್ತದೆ, ಒಲೆ ಹೊತ್ತಿದೆಯೇ ಇಲ್ಲವೇ ಎಂಬುದನ್ನೆಲ್ಲ ನೋಡುತ್ತಾಳೆ. ಅಂಗೈ ಅಗಲದ ಗಾಜಿನಲ್ಲಿ ಇವು ಕಾಣುವುದಿಲ್ಲ.

ಮೂರನೆಯದು ಕೈಬಿಡದೆ ವಿಚಾರಿಸಿಕೊಳ್ಳುವ ಮಾತು. ಬಾಲಮಂದಿರಗಳಲ್ಲಿ ರೋಗ ಹರಡೀತೆಂದು ಸುಪ್ರೀಂ ಕೋರ್ಟು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು ೨೦೨೦ರ ಏಪ್ರಿಲ್ ೩ರಂದು ಆಜ್ಞೆ ಮಾಡಿತು. ಕಳಿಸಬಹುದಾದ ಮಕ್ಕಳನ್ನು ಮನೆಗಳಿಗೆ ಕಳಿಸುವ ಕೆಲಸ ನಡೆಯಿತು. ಮಾರಿ ಆರಂಭವಾದಾಗ ದೇಶದ ಮಕ್ಕಳ ಗೃಹಗಳಲ್ಲಿ ೨,೨೭,೫೧೮ ಮಕ್ಕಳಿದ್ದರೆಂದೂ ಅವರಲ್ಲಿ ೧,೪೫,೭೮೮ ಮಕ್ಕಳನ್ನು ಮನೆಗೆ ಕಳಿಸಲಾಯಿತೆಂದೂ ಅದೇ ಡಿಸೆಂಬರಿನಲ್ಲಿ ಕೋರ್ಟಿನ ಮುಂದೆ ಲೆಕ್ಕ ಬಂತು. ಹೀಗೆ ಹೋದ ಮಕ್ಕಳ ಓದಿಗಾಗಿ ತಿಂಗಳಿಗೆ ೨,೦೦೦ ರೂಪಾಯಿ ಕೊಡಬೇಕೆಂದು ಕೋರ್ಟು ಹೇಳಿತು. ರೋಗದ ದೃಷ್ಟಿಯಿಂದ ಕಳಿಸಿದ್ದು ಸರಿಯೇ ಇರಬಹುದು. ಆದರೆ ಈ ಮಕ್ಕಳಲ್ಲಿ ಎಷ್ಟೋ ಮಂದಿ ಬಡತನದಿಂದಲೋ ಜಗಳದಿಂದಲೋ ಯಾವ ಮನೆಯನ್ನು ಬಿಟ್ಟು ಬಂದಿದ್ದರೋ ಅದೇ ಮನೆಗೆ, ಕೂಲಿ ನಿಂತ ಕಾಲದಲ್ಲಿ ಮರಳಿದರು. ಒಂದೂವರೆ ಲಕ್ಷದ ಹತ್ತಿರ ಬಾಗಿಲುಗಳನ್ನು ತಟ್ಟಿ “ಮಗು ಉಂಡಿತೇ, ಓದುತ್ತಿದೆಯೇ” ಎಂದು ಕೇಳಬೇಕಾದವರು ಜಿಲ್ಲೆಗೆ ಬೆರಳೆಣಿಕೆಯಷ್ಟಿರುವ, ಬಹುಮಟ್ಟಿಗೆ ಗುತ್ತಿಗೆಯ ಮೇಲಿರುವ ನೌಕರರು.

ಇಷ್ಟೆಲ್ಲ ಹೊರೆಯ ಕಾಲದಲ್ಲಿ ಆ ಕೈಗಳನ್ನು ಬೇರೆ ಕೆಲಸಕ್ಕೂ ಹಚ್ಚಿದರು. ಮೇಷ್ಟರುಗಳನ್ನು ಸಮೀಕ್ಷೆಗೆ ಹಾಕಿದರು. ಮಕ್ಕಳು ಅಂಗನವಾಡಿಗೆ ಬರಬಾರದು, ಹದಿನೈದು ದಿನಕ್ಕೊಮ್ಮೆ ಆಹಾರ ಪದಾರ್ಥವನ್ನು ಮನೆ ಬಾಗಿಲಿಗೆ ಮುಟ್ಟಿಸಬೇಕು ಎಂದು ಕೇಂದ್ರ ಸರ್ಕಾರ ೨೦೨೦ರ ಏಪ್ರಿಲ್‌ನಲ್ಲಿ ನಿಯಮ ಮಾಡಿತು. ಆ ಮೂಟೆಯ ಜೊತೆಗೆ ಜ್ವರದ ಪಟ್ಟಿ, ಹೊರ ಊರಿನಿಂದ ಬಂದವರ ಪಟ್ಟಿ. ಆಶಾ ಕಾರ್ಯಕರ್ತೆಯರಿಗೆ ಹಗಲು ರಾತ್ರಿ ಇದೇ ಕೆಲಸ. ಎಷ್ಟೋ ಕಡೆ ಬಾಗಿಲು ಹಾಕಿದರು, ಬೈದರು, ಮೈಮೇಲೆ ಕೈ ಮಾಡಿದ್ದೂ ಉಂಟು. ಸಂಜೆ ಮನೆಗೆ ಬಂದರೆ ತನ್ನ ಮಗುವನ್ನು ಮುಟ್ಟಲು ಭಯ. “ರೋಗ ಹೊತ್ತು ತರುವವಳು” ಎಂದು ನೆರೆಯವರ ಗೊಣಗು. ಊರಿನ ಮಕ್ಕಳನ್ನು ಕಾಯುವವಳ ಮಕ್ಕಳನ್ನು ಕಾಯುವವರು ಯಾರೆಂದು ಯಾವ ಸುತ್ತೋಲೆಯೂ ಕೇಳಲಿಲ್ಲ. ೨೦೨೦ರ ಜುಲೈನಲ್ಲಿ ನಮ್ಮ ರಾಜ್ಯದ ೪೦,೦೦೦ಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರು ತಿಂಗಳಿಗೆ ೧೨,೦೦೦ ರೂಪಾಯಿ ಖಚಿತ ಗೌರವಧನವನ್ನೂ ರಕ್ಷಣಾ ಸಾಮಗ್ರಿಯನ್ನೂ ಕೇಳಿ ಮುಷ್ಕರ ಹೂಡಿದರು. ಮಾರಿಯ ನಡುವೆ ಮುಷ್ಕರವೇ ಎಂದು ಹುಬ್ಬೇರಿಸಿದವರಿದ್ದರು. ಮುಖಕ್ಕೆ ಕಟ್ಟಿಕೊಳ್ಳಲು ಸರಿಯಾದ ಬಟ್ಟೆಯನ್ನೂ ಕೊಡದೆ ರೋಗಿಯ ಬಾಗಿಲಿಗೆ ಕಳಿಸಿದ್ದರ ಮೇಲೆ ಅವರ ಹುಬ್ಬು ಏರಲಿಲ್ಲ.

ಎರಡನೆಯ ಅಲೆಯ ತರುವಾಯ ತಬ್ಬಲಿಗಳ ಎಣಿಕೆ ಬಂತು. ೨೦೨೦ರ ಏಪ್ರಿಲ್‌ನಿಂದ ೨೦೨೨ರ ಜನವರಿ ೧೧ರವರೆಗೆ, ರೋಗದಿಂದಾಗಲಿ ಬೇರೆ ಕಾರಣದಿಂದಾಗಲಿ, ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳು ೧೦,೦೯೪, ಒಬ್ಬರನ್ನು ಕಳೆದುಕೊಂಡವರು ೧,೩೬,೯೧೦, ಯಾರೂ ಇಲ್ಲದೆ ಬಿಟ್ಟುಹೋದವರು ೪೮೮ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಸುಪ್ರೀಂ ಕೋರ್ಟಿಗೆ ತಿಳಿಸಿತು. ಈ ಎಣಿಕೆಗಾಗಿ ಸಾವಿನ ಮನೆಯ ಹೊಸ್ತಿಲಲ್ಲಿ ನಿಂತು ಮಗುವಿನ ಹೆಸರು, ವಯಸ್ಸು ಬರೆದುಕೊಂಡವರು ಇದೇ ಕೆಳಗಿನ ಕಾರ್ಯಕರ್ತರು. ೨೦೨೧ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಸಾರಿದ ಯೋಜನೆಯಲ್ಲಿ, ಇಪ್ಪತ್ತಮೂರು ವರ್ಷವಾದಾಗ ಹತ್ತು ಲಕ್ಷ ರೂಪಾಯಿ ಸಿಗುವುದು ಇಬ್ಬರನ್ನೂ ಕಳೆದುಕೊಂಡ ಅಥವಾ ಉಳಿದ ಒಬ್ಬ ಪೋಷಕರನ್ನೂ ಕಳೆದುಕೊಂಡ ಮಕ್ಕಳಿಗೆ. ಲೆಕ್ಕಕ್ಕೆ ಬಂದ ನೂರು ಮಕ್ಕಳಲ್ಲಿ ತೊಂಬತ್ತೆರಡಕ್ಕೂ ಮಿಕ್ಕಿ ಮಕ್ಕಳು ಒಬ್ಬರನ್ನು ಕಳೆದುಕೊಂಡವರು. ದುಡಿಯುವ ಗಂಡ ಹೋದ ಮನೆಯಲ್ಲಿ ಹೆಂಡತಿಗೆ “ನೀವು ಬದುಕಿದ್ದೀರಿ, ಆದ್ದರಿಂದ ನಿಮ್ಮ ಮಗುವಿಗೆ ಇದಿಲ್ಲ” ಎಂದು ಹೇಳಬೇಕಾದ ಪಾಪದ ಕೆಲಸವೂ ಆ ಕಾರ್ಯಕರ್ತೆಯ ಪಾಲಿಗೇ ಬಂತು.

ಗಿರಣಿ ಬಂಧುಗಳೇ, ಮಾರಿಯ ಕಾಲದ ಹೊಗಳಿಕೆಗೆ ಎಷ್ಟು ಬೆಲೆಯೆಂಬುದನ್ನು ನಮ್ಮ ವರ್ಗ ನೂರು ವರ್ಷದ ಹಿಂದೆಯೇ ಕಂಡಿದೆ. ೧೯೧೭ರಲ್ಲಿ ಅಹಮದಾಬಾದಿಗೆ ಪ್ಲೇಗು ಬಂದಾಗ ಕೆಲಸಗಾರರು ಊರು ಬಿಟ್ಟು ಓಡಿಹೋಗದಿರಲೆಂದು ಗಿರಣಿ ಮಾಲೀಕರು ಪ್ಲೇಗ್ ಬೋನಸ್ಸು ಕೊಟ್ಟರು. ಪ್ಲೇಗು ಇಳಿದದ್ದೇ ೧೯೧೮ರ ಜನವರಿಯಲ್ಲಿ ಅದನ್ನು ನಿಲ್ಲಿಸಲು ಹೊರಟರು. ಬೆಲೆಗಳು ಮಾತ್ರ ಇಳಿದಿರಲಿಲ್ಲ. ಗಿರಣಿ ಕಾರ್ಮಿಕರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದ ಅನಸೂಯಾ ಸಾರಾಭಾಯಿ ಅವರು, ಮಾಲೀಕರ ಮುಂದಾಳು ತಮ್ಮ ಒಡಹುಟ್ಟಿದವರೇ ಆಗಿದ್ದರೂ, ಕಾರ್ಮಿಕರ ಪಕ್ಕದಲ್ಲಿ ನಿಂತರು. ಗಾಂಧೀಜಿ ಬಂದರು, ಉಪವಾಸ ಕುಳಿತರು. ಕೊನೆಗೆ ಪಂಚಾಯಿತಿಯಲ್ಲಿ ನೂರಕ್ಕೆ ಮೂವತ್ತೈದರ ಹೆಚ್ಚಳ ಸಿಕ್ಕಿತು. ಆ ಹೋರಾಟದ ನೆರವಿಗೆ ಮೊದಲು ನಿಂತದ್ದು ಮಕ್ಕಳ ಶಾಲೆಯಿಂದ ಬಂದ ಹೆಣ್ಣುಮಗಳು ಎಂಬುದನ್ನು ಮರೆಯಬಾರದು.

ಈಗಿನ ಕಥೆ ಅದಕ್ಕಿಂತ ಬೇರೆಯೇ? ೨೦೨೦ರ ಮಾರ್ಚ್ ೨೨ರ ಸಂಜೆ ದೇಶವೆಲ್ಲ ಚಪ್ಪಾಳೆ ತಟ್ಟಿತು, ಜಾಗಟೆ ಬಾರಿಸಿತು. ೨೦೨೨ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. ಸಂತೋಷ. ಆದರೆ ೧೯೭೫ರ ಅಕ್ಟೋಬರ್ ೨ರಂದು, ನಮ್ಮ ಟಿ. ನರಸೀಪುರವೂ ಸೇರಿ ದೇಶದ ೩೩ ಕಡೆಗಳಲ್ಲಿ ಆರಂಭವಾದ ಯೋಜನೆಯ ಅಂಗನವಾಡಿ ಕಾರ್ಯಕರ್ತೆಗೆ ಐವತ್ತು ವರ್ಷಗಳ ಮೇಲೂ ಸಂಬಳವೆಂಬ ಹೆಸರಿಲ್ಲ, ಗೌರವಧನ. ಗ್ರಾಚ್ಯುಯಿಟಿಗೆ ಆಕೆ ಹಕ್ಕುದಾರಳೆಂದು ಹೇಳಲು ೨೦೨೨ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ೨೦೨೩ರಲ್ಲಿ ೧೦೯೮ನ್ನು ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ಬಿಡಿಸಿ, ೧೧೨ರ ತುರ್ತು ವ್ಯವಸ್ಥೆಗೆ ಜೋಡಿಸಿ, ಸರ್ಕಾರಗಳೇ ನಡೆಸುವಂತೆ ಮಾಡಿದರು. ಸರ್ಕಾರ ತನ್ನ ಹೊಣೆಯನ್ನು ತಾನು ಹೊರುವುದು ಸರಿಯೇ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಮಾರಿಯ ಕಾಲದಲ್ಲಿ ಆ ದೂರವಾಣಿಯ ಮುಂದೆ ರಾತ್ರಿಯೆಲ್ಲ ಕುಳಿತಿದ್ದ ಅನೇಕರು ಆ ಬದಲಾವಣೆಯಲ್ಲಿ ಕೆಲಸ ಕಳೆದುಕೊಂಡರು. ಹತ್ತು ವರ್ಷ ಮಗ್ಗ ನಡೆಸಿದ ಕೈಯನ್ನು ಹೊರಗೆ ದಬ್ಬಿ ಮಗ್ಗವನ್ನು ಮಾತ್ರ ಇಟ್ಟುಕೊಂಡರೆ ಬಟ್ಟೆ ಬಂದೀತೇ? ಮಗುವಿನ ಮೌನವನ್ನು ಅರ್ಥಮಾಡಿಕೊಳ್ಳುವ ಕಿವಿ ವರ್ಷಗಟ್ಟಲೆ ಪಳಗಿ ಬರುವಂಥದು.

ಆದ್ದರಿಂದ ನಾವು ಏನು ಮಾಡಬೇಕು? ಮಾರಿ ಇನ್ನು ಬರುವುದೇ ಇಲ್ಲವೆಂದು ಯಾವ ವೈದ್ಯನೂ ಬರೆದುಕೊಟ್ಟಿಲ್ಲ. ಬರುವ ಮುನ್ನವೇ ಕೆಲವು ಮಾತು ಗಟ್ಟಿಯಾಗಬೇಕು.

ಒಂದನೆಯದು, ಮಗುವನ್ನು ಕಾಯುವ ಕೆಲಸ ಅವಶ್ಯ ಸೇವೆಯೆಂದು ಕಾಗದದ ಮೇಲಷ್ಟೇ ಅಲ್ಲ, ನಡತೆಯಲ್ಲೂ ಆಗಬೇಕು. ರಕ್ಷಣಾ ಘಟಕದವರಿಗೆ, ಸಹಾಯವಾಣಿಯವರಿಗೆ ಓಡಾಟದ ಪಾಸು, ವಾಹನ, ಮುಖಗವಸು, ವಿಮೆ ಮೊದಲ ದಿನವೇ ಕೈಗೆ ಸಿಗಬೇಕು. ಹೊಸದಾಗಿ ಬಂದ ಮಗುವನ್ನು ಬೇರೆಯಾಗಿ ಇರಿಸುವ ಜಾಗ ಪ್ರತಿ ಜಿಲ್ಲೆಯಲ್ಲೂ ಮೊದಲೇ ಗೊತ್ತಾಗಿರಬೇಕು.

ಎರಡನೆಯದು, ಅಂಗನವಾಡಿ ಕಾರ್ಯಕರ್ತೆಯನ್ನು ರೋಗದ ಪಟ್ಟಿಗೆ ಹಚ್ಚಿದರೆ ಆಕೆಯ ಜಾಗಕ್ಕೆ ಮಗುವನ್ನು ನೋಡಲು ಇನ್ನೊಬ್ಬರನ್ನು ಕೊಡಬೇಕು. ಒಬ್ಬಳ ತಲೆಯ ಮೇಲೆ ಎರಡು ಕೊಡ ಇಟ್ಟು, ನೀರು ಚೆಲ್ಲಿತೆಂದು ಆಕೆಯನ್ನೇ ಬೈಯುವುದು ನ್ಯಾಯವಲ್ಲ.

ಮೂರನೆಯದು, ಈ ನೌಕರರ ಗುತ್ತಿಗೆ ಹೋಗಿ ಕಾಯಂ ಆಗಬೇಕು, ಗೌರವಧನ ಹೋಗಿ ಸಂಬಳ ಬರಬೇಕು. ಅವರು ಬೇಡಿಕೆ ಇಟ್ಟು ಕಚೇರಿಯ ಮುಂದೆ ಕುಳಿತ ದಿನ ಗಿರಣಿಯ ಪಾಳಿ ಮುಗಿಸಿದ ನಾಲ್ಕು ಜನ, ಅಂಗಡಿ ಬೀದಿಯ ನಾಲ್ಕು ಜನ ಅವರ ಪಕ್ಕದಲ್ಲಿ ಕುಳಿತರೆ ಆ ಬೇಡಿಕೆಗೆ ಬಲ ಬರುತ್ತದೆ.

ನಾಲ್ಕನೆಯದು ನಮ್ಮದೇ ಕೆಲಸ, ಸರ್ಕಾರವನ್ನು ಕಾಯಬೇಕಾಗಿಲ್ಲ. ಮತ್ತೆ ಶಾಲೆಯ ಬಾಗಿಲು ಮುಚ್ಚಿದರೆ ವಠಾರಕ್ಕೆ ಇಬ್ಬರಂತೆ ಹಾಜರಿ ಪುಸ್ತಕ ಹಿಡಿಯೋಣ. ಯಾವ ಮನೆಯ ಮಗು ನಾಲ್ಕು ದಿನ ಕಾಣಲಿಲ್ಲ ಎಂದು ಕೇಳೋಣ. ದಿನಸಿ ಅಂಗಡಿಯವರಿಗೆ ಯಾವ ಮನೆಗೆ ಅಕ್ಕಿ ಹೋಗಲಿಲ್ಲ, ಯಾರ ಹುಡುಗ ಓದು ಬಿಟ್ಟು ಮೂಟೆ ಹೊರುತ್ತಿದ್ದಾನೆ ಎಂಬುದು ತಹಸೀಲ್ದಾರರಿಗಿಂತ ಮೊದಲು ತಿಳಿಯುತ್ತದೆ. ತಿಳಿದದ್ದನ್ನು ೧೦೯೮ಕ್ಕೆ ತಿಳಿಸೋಣ. ಅದು ಈಗಲೂ ನಡೆಯುತ್ತಿದೆ, ಕಾಸು ಬೀಳುವುದಿಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದೂ ತಿಳಿಸದೆ ಇರುವುದು ೨೦೧೨ರ ಪೋಕ್ಸೋ ಕಾಯಿದೆಯ ಪ್ರಕಾರ ತಾನೇ ಒಂದು ಅಪರಾಧ ಎಂಬುದೂ ನೆನಪಿರಲಿ. ಹಾಗೆಯೇ ಗಂಡನನ್ನು ಕಳೆದುಕೊಂಡ ತಾಯಿಯ ಮಗುವಿಗೆ ದಾರಿಯೇ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಮಿಷನ್ ವಾತ್ಸಲ್ಯ ಎಂಬ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ ೪,೦೦೦ ರೂಪಾಯಿಯ ನೆರವುಂಟು. ಮನೆಯ ವರಮಾನ ವರ್ಷಕ್ಕೆ ಹಳ್ಳಿಯಲ್ಲಿ ೭೨,೦೦೦, ಪಟ್ಟಣದಲ್ಲಿ ೯೬,೦೦೦ ರೂಪಾಯಿ ಮೀರಬಾರದೆಂದು ಅದರ ನಿಯಮ. ಅರ್ಜಿ ಹಾಕಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಓದು ಬಾರದ ತಾಯಿಯ ಜೊತೆ ಹೋಗಿ ಅರ್ಜಿ ಬರೆದುಕೊಡಲು ನಮ್ಮ ಸಂಘದ ಕಚೇರಿಯ ಬಾಗಿಲು ಯಾವಾಗಲೂ ತೆರೆದಿದೆ.

ಬಂಧುಗಳೇ, ಮಾರಿ ಬಂದಾಗ ಸಿರಿವಂತರ ಮಕ್ಕಳಿಗೆ ಮನೆಯೇ ಶಾಲೆಯಾಯಿತು, ಮನೆಯೇ ಆಸ್ಪತ್ರೆಯಾಯಿತು. ನಮ್ಮ ಮಕ್ಕಳಿಗೆ ಇದ್ದದ್ದು ಆ ಮೂಟೆ ಹೊತ್ತು ಬಂದ ಟೀಚರಮ್ಮ, ಆ ರಾತ್ರಿಯ ಕರೆಗೆ ಓಗೊಟ್ಟ ಕಾರ್ಯಕರ್ತೆ. ಅವರಿಗೆ ನಾವು ಚಪ್ಪಾಳೆ ತಟ್ಟಿ ಆಯಿತು. ಇನ್ನು ಅವರ ಕೂಲಿಯ ಲೆಕ್ಕ ಮಾಡಿಸುವ ಕೆಲಸ ಉಳಿದಿದೆ. ಕೂಲಿಯ ಲೆಕ್ಕ ನಮಗೆ ಹೊಸದಲ್ಲ. ಈ ಲೆಕ್ಕವನ್ನೂ ನಮ್ಮದೆಂದು ತಿಳಿದು ಕೈಗೆತ್ತಿಕೊಳ್ಳಬೇಕೆಂದು ತಮ್ಮೆಲ್ಲರನ್ನೂ ಕೇಳಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.